ವೈದ್ಯರೂ ಸಂತಾನಾಪೇಕ್ಷಿಣಿಯರೂ

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗಾಗಿ ‘ಇನ್ನೂ ಏನೂ ವಿಶೇಷವಿಲ್ಲವೇ?’ ಎಂಬ ಪ್ರಶ್ನೆಯು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೆಣ್ಣುಮಕ್ಕಳನ್ನು ಹಿಂಬಾಲಿಸತೊಡಗುವುದು. ಹರಕೆಗಳೆಲ್ಲ ತೀರಿದ ಬಳಿಕ ಮೈಸೂರಿನ ಬಸ್ಸನ್ನೇರಿ ವೈದ್ಯರಲ್ಲಿಗೆ ಹೋಗುವುದುಂಟು. ಅಲ್ಲಿ ಆಕೆಗೆ ಸಲ್ಲತಕ್ಕ ಮರ್ಯಾದೆಯನ್ನು ಕುರಿತು ಈ ತಿಂಗಳು ಎರಡು ಮಾತುಗಳನ್ನಾಡಬಯಸುವೆವು.

ಸಂತಾನವಿಲ್ಲದಿರುವುದು ಹೆಂಗಸಿನ ದೋಷವೆಂಬ ಭಾವನೆಯನ್ನು ಮೊದಲು ಬಿಡತಕ್ಕದ್ದು. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ವರ್ಷ ಮೀರಿದ್ದಲ್ಲಿ ಆರು ತಿಂಗಳಿಗೇ, ದಂಪತಿಗಳಿಬ್ಬರೂ ಪರೀಕ್ಷೆಗೊಳಗಾಗಬೇಕು. ಕಾರಣವು ಅನೇಕ ವೇಳೆ ಗಂಡಸಿನಲ್ಲಿರುವುದು. ಧೂಮಪಾನವು ವೀರ್ಯಕ್ಕೆ ಕೇಡೆಂಬುದನ್ನು ಹೊಗೆಸೊಪ್ಪು ಬೆಳೆಯುವ ಸೀಮೆಯವರಾದ ನಾವು ಮರೆಯಬಾರದು. ಗಂಡನ ಪರೀಕ್ಷೆಯು ಸುಲಭವಾದುದು, ಅಲ್ಪ ವೆಚ್ಚದ್ದು. ಅದನ್ನು ಮಾಡಿಸದೆ ಹೆಂಡತಿಗೇ ವರ್ಷಗಟ್ಟಲೆ ಔಷಧಿ ಕುಡಿಸುವುದು ಅನ್ಯಾಯ.

ಎಷ್ಟೋ ಕಡೆಗಳಲ್ಲಿ ವೈದ್ಯರು ಅತ್ತೆಯೊಡನೆಯೋ ಗಂಡನೊಡನೆಯೋ ಮಾತನಾಡುವರು. ಸೂಜಿಯ ನೋವನ್ನು ಸಹಿಸುವವಳು ತಲೆತಗ್ಗಿಸಿ ಕುಳಿತಿರುವಳು. ಇದು ಸರಿಯಲ್ಲ. ಹಿಂದೆ ಕ್ಷಯರೋಗ ಬಂದಿದ್ದರೆ ಗರ್ಭನಾಳಗಳು ಮುಚ್ಚಿರಬಹುದು. ಗರ್ಭಪಾತವಾಗಿದ್ದರೂ ವೈದ್ಯರಿಗೆ ತಿಳಿದಿರಬೇಕು. ಇಂಥ ಸಂಗತಿಗಳನ್ನು ಹತ್ತು ಜನರೆದುರಿಗೆ ಯಾವಳು ತಾನೆ ಹೇಳಿಯಾಳು? ಆದುದರಿಂದ ವೈದ್ಯರು ಸ್ವಲ್ಪ ಹೊತ್ತಾದರೂ ಆಕೆಯನ್ನು ಪ್ರತ್ಯೇಕವಾಗಿ ಕಂಡು, ಕೇಳಿದುದನ್ನು ಗುಟ್ಟಾಗಿರಿಸಬೇಕು. ಆಕೆಯೂ ಹಳೆಯ ಚೀಟಿಗಳನ್ನೂ ನಾಟಿ ಔಷಧಿಗಳನ್ನೂ ಮರೆಮಾಚದಿರಬೇಕು.

ಪ್ರನಾಳ ಶಿಶುವಿನ ಚಿಕಿತ್ಸೆಯ ವಿಷಯದಲ್ಲಿ 2021ರ ಕಾನೂನು ಸ್ಪಷ್ಟವಾಗಿದೆ. ಆಸ್ಪತ್ರೆಯು ನೋಂದಣಿಯಾಗಿರಬೇಕು; ಫಲಿಸುವ ಸಂಭವ, ಅಪಾಯ, ವೆಚ್ಚಗಳನ್ನು ಮೊದಲೇ ತಿಳಿಸಿ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು. ಓದದೆ ಸಹಿ ಹಾಕಬಾರದು. ತಿಳಿಯದಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳುವುದು ಆಕೆಯ ಹಕ್ಕು, ಉದ್ಧಟತನವಲ್ಲ. ಖಾಸಗಿಯವರಲ್ಲಿಗೆ ಹೋಗುವ ಮುನ್ನ ಮೈಸೂರಿನ ಸರ್ಕಾರಿ ಚೆಲುವಾಂಬಾ ಆಸ್ಪತ್ರೆಯಲ್ಲಿ ವಿಚಾರಿಸುವುದೂ ಒಳ್ಳೆಯದು.

ಈ ಚಿಕಿತ್ಸೆಯು ಋತುವಿನ ದಿನಗಳನ್ನೆಣಿಸಿ ನಡೆಯತಕ್ಕದ್ದು. ನಾಟಿಯ ಕಾಲವನ್ನಾಗಲಿ ಹೊಗೆಸೊಪ್ಪು ಬೇಯಿಸುವ ಕಾಲವನ್ನಾಗಲಿ ಅದು ಕಾಯದು. ಕೋಟೆಯ ಕಡೆಯಿಂದ ಬರುವವಳಿಗೆ ಒಂದೊಂದು ಭೇಟಿಯೂ ಒಂದೊಂದು ದಿನದ ಕೂಲಿ. ಬರಬೇಕಾದ ದಿನಗಳನ್ನು ವೈದ್ಯರು ಮುಂಚಿತವಾಗಿ ಬರೆದುಕೊಟ್ಟರೆ ಅರ್ಧ ಕಷ್ಟ ಕಳೆಯುವುದು.

ಕಡೆಯದಾಗಿ, ಚಿಕಿತ್ಸೆಯು ಎಲ್ಲರಿಗೂ ಫಲಿಸುವುದಿಲ್ಲ. ವಯಸ್ಸು ಏರಿದಂತೆ, ಅದರಲ್ಲಿಯೂ 40 ದಾಟಿದ ಮೇಲೆ, ಸಂಭವವು ಬಹಳ ಇಳಿಯುವುದು. ಹೊಲ ಒತ್ತೆಯಿಡುವ ಮೊದಲೇ ಈ ಮಾತನ್ನು ಹೇಳುವ ವೈದ್ಯರೇ ನಿಜವಾದ ಹಿತೈಷಿಗಳು. ‘ಇನ್ನು ಸಾಕು’ ಎಂದು ಆಕೆಯೇ ನಿರ್ಧರಿಸಿದರೆ ಮನೆಯವರು ಅದನ್ನು ಮನ್ನಿಸಲಿ. ಮಗುವಿಲ್ಲದಿದ್ದರೂ ಆಕೆ ಆ ಮನೆಯ ಸೊಸೆಯೇ ಅಲ್ಲವೇ?