ಮುಂಗಡ ತೆತ್ತವರ ಮಾತು

ಗಣಕಯಂತ್ರದ ಆಟಗಳು ಈಗ ಅಂತರ್ಜಾಲದ ಅಂಗಡಿಗಳಲ್ಲಿ ಮಾರಾಟವಾಗುವುದನ್ನು ನಮ್ಮ ವಾಚಕರು ಬಲ್ಲರು. ಜಪಾನಿನ ‘ಶೆನ್‌ಮೂ 3’ ಎಂಬ ಆಟದ ನಿರ್ಮಾಣಕ್ಕಾಗಿ 2015ರಲ್ಲಿ ಅಭಿಮಾನಿಗಳು ಸುಮಾರು 63 ಲಕ್ಷ ಡಾಲರುಗಳ ವಂತಿಗೆಯನ್ನು ಕೂಡಿಸಿ ಕೊಟ್ಟರು. ಗಣಕದ ಪ್ರತಿಯು ‘ಸ್ಟೀಮ್’ ಅಂಗಡಿಯಲ್ಲಿ ದೊರೆಯುವುದೆಂದು ಅವರಲ್ಲಿ ಅನೇಕರು ನಂಬಿದ್ದರು. 2019ರ ಜೂನ್ ತಿಂಗಳಲ್ಲಾದರೋ, ಅದು ‘ಎಪಿಕ್’ ಅಂಗಡಿಯೊಂದರಲ್ಲಿಯೇ ಬರುವುದೆಂಬ ಪ್ರಕಟಣೆಯು ಹೊರಟಿತು. ಆಟಗಾರರು ಕೆರಳಿದರು; ಕಡೆಗೆ, ಬೇಡವೆಂದವರಿಗೆ ಹಣವನ್ನು ಹಿಂದಿರುಗಿಸಲು ಒಪ್ಪಬೇಕಾಯಿತು.

ಅಂದು ಸ್ಟೀಮಿನ ಪಾಲು ಸಾಮಾನ್ಯವಾಗಿ ನೂರಕ್ಕೆ 30; ಎಪಿಕ್‌ನದು 12. ನಿರ್ಮಾಪಕರು ಲಾಭವನ್ನರಸಿದುದು ತಪ್ಪೆಂದು ನಾವು ಹೇಳೆವು. ಆದರೆ ಅಂಗಡಿಗೆ ಬಂದವನು ಒಲ್ಲೆನೆಂದು ಹಿಂದಿರುಗಬಹುದು; ಮುಂಗಡ ತೆತ್ತವನಿಗೆ ಆ ಸ್ವಾತಂತ್ರ್ಯವೆಲ್ಲಿಯದು? ಅವನನ್ನು ಮೊದಲೇ ಕೇಳುವುದು ವ್ಯಾಪಾರಧರ್ಮ. ಕೇಳದುದಕ್ಕೆ ಆಕ್ಷೇಪಿಸುವುದು ನ್ಯಾಯ. ಬೈಗುಳ ಮಾತ್ರ ಯಾರಿಗೂ ಶೋಭಿಸದು.