ಬೇಸಿಗೆಯಲ್ಲಿ ಹೆಣಿಗೆಯ ಕಡ್ಡಿಗಳು ಸುಮ್ಮನಿರಬೇಕೇ?

ಮಾಗಿಯ ಚಳಿಯಲ್ಲಿ ಉತ್ಸಾಹದಿಂದ ಕೈಗೆತ್ತಿಕೊಂಡ ಹೆಣಿಗೆಯು ಯುಗಾದಿಯ ಹೊತ್ತಿಗೆ ಮೂಲೆ ಸೇರುವುದು ನಮ್ಮ ಹೆಣ್ಣುಮಕ್ಕಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಒಂದು ತೋಳು ಮುಗಿದು ಇನ್ನೊಂದು ಮೊದಲಾಗದ ಸ್ವೆಟರು, ಜೋಡಿಯಿಲ್ಲದ ಕಾಲುಚೀಲ, ಕಡ್ಡಿಯ ಮೇಲೆಯೇ ಉಳಿದ ಅರ್ಧ ಟೋಪಿ, ಇಂಥವು ಯಾವ ಮನೆಯ ಪೆಟ್ಟಿಗೆಯಲ್ಲಿಲ್ಲ? ಹಿರಿಯರು ಇದನ್ನು ಕಂಡು, ಹುಡುಗಿಯರು ಸೋಮಾರಿಗಳೆಂದೂ ಹಿಡಿದ ಕೆಲಸವನ್ನು ಮುಗಿಸುವ ಛಲವಿಲ್ಲದವರೆಂದೂ ಜರೆಯುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ಬೇಸಿಗೆಯಲ್ಲಿ ಹೆಣಿಗೆ ನಿಲ್ಲುವುದಕ್ಕೆ ಕಾರಣವು ಬಹುಮಟ್ಟಿಗೆ ಮನಸ್ಸಿನಲ್ಲಿಲ್ಲ; ಕಾಲಕ್ಕೆ ಒಗ್ಗದ ನೂಲಿನಲ್ಲಿಯೂ ಕಾಲಕ್ಕೆ ಒಗ್ಗದ ಕೆಲಸದಲ್ಲಿಯೂ ಇದೆ ಎಂಬುದೇ ನಮ್ಮ ಅಭಿಪ್ರಾಯ.

ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಶಾಖವು 40 ಡಿಗ್ರಿಯನ್ನು ಮೀರುತ್ತದೆ. ಮಂಗಳೂರಿನ ಕಡೆ ಶಾಖ ಅಷ್ಟಿಲ್ಲದಿದ್ದರೂ ಬೆವರು ಆರುವುದಿಲ್ಲ. ಉಣ್ಣೆಯ ಎಳೆಗಳು ತಮ್ಮ ಸುರುಳಿಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಮೈಯ ಶಾಖ ಹೊರಹೋಗದಂತೆ ತಡೆಯುತ್ತವೆ. ಚಳಿಯಲ್ಲಿ ವರವಾದ ಈ ಗುಣವೇ ಚೈತ್ರ ವೈಶಾಖಗಳಲ್ಲಿ ಮಡಿಲ ಮೇಲೆ ಕೆಂಡದಂತಾಗುವುದು. ಬೆವರಿದ ಬೆರಳಿಗೆ ನೂಲು ಅಂಟುತ್ತದೆ, ಕುಣಿಕೆ ಬಿಗಿಯುತ್ತದೆ, ಕಡ್ಡಿ ಜಾರದು. ಇದು ದೇಹಕ್ಕೆ ಆಗುವ ನಿಜವಾದ ಕಷ್ಟವಾದುದರಿಂದ ಬರಿಯ ಉಪದೇಶದಿಂದ ನಿವಾರಣೆಯಾಗದು.

ಆದರೆ ಹೆಣಿಗೆಯು ಚಳಿದೇಶದ ಕೂಸು ಎಂಬ ಭಾವನೆಯೂ ಸರಿಯಲ್ಲ. ಇಂದಿಗೆ ಉಳಿದುಬಂದಿರುವ ಅತಿ ಹಳೆಯ ಕಡ್ಡಿಹೆಣಿಗೆಯ ವಸ್ತುಗಳಲ್ಲಿ ಈಜಿಪ್ತ ದೇಶದಲ್ಲಿ ದೊರೆತ, 11ನೆಯ ಶತಮಾನದಿಂದ 14ನೆಯ ಶತಮಾನದ ವರೆಗಿನವೆಂದು ಎಣಿಸಲಾಗುವ ಕಾಲುಚೀಲಗಳು ಮುಖ್ಯವಾದುವು. ಅವುಗಳಲ್ಲಿ ಅನೇಕವು ನೀಲಿ ಬಿಳಿ ಬಣ್ಣಗಳ ಹತ್ತಿಯ ನೂಲಿನಿಂದ ಆದವು. ಮರುಭೂಮಿಯ ಬಿಸಿಲಿನಲ್ಲಿ ಹತ್ತಿಯಿಂದ ಹೆಣೆದ ಕೈಗಳು ಇದ್ದುವೆಂದ ಮೇಲೆ ನಮ್ಮ ನಾಡಿನ ಬೇಸಿಗೆಗೆ ಹೆದರಬೇಕಾದುದೇನು? ಆಂಧ್ರದ ಗೋದಾವರಿ ತೀರದ ನರಸಾಪುರವನ್ನೇ ನೋಡಿರಿ. ಅಲ್ಲಿಯ ಸ್ತ್ರೀಯರು 19ನೆಯ ಶತಮಾನದಲ್ಲಿ ಮಿಶನರಿಗಳಿಂದ ಕಲಿತ ಕ್ರೋಷಾ ಕೆಲಸವನ್ನು, ಕರಾವಳಿಯ ಸೆಕೆಯಲ್ಲಿಯೇ, ಹತ್ತಿಯ ನೂಲಿನಲ್ಲಿ ತಲೆಮಾರುಗಳಿಂದ ನಡಸಿಕೊಂಡು ಬಂದಿದ್ದಾರೆ.

ಆದಕಾರಣ ನಮ್ಮ ಮೊದಲನೆಯ ಸಲಹೆ ಇದು: ಋತುವಿನೊಂದಿಗೆ ನೂಲನ್ನೂ ಬದಲಿಸಿರಿ. ಹತ್ತಿಗೆ ಉಣ್ಣೆಯ ಹಿಗ್ಗು ಕುಗ್ಗು ಇಲ್ಲ. ದೊಡ್ಡ ಉಡುಪಾದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆದುದರಿಂದ ಹತ್ತಿಯಲ್ಲಿ ಚಿಕ್ಕ ಕೆಲಸಗಳನ್ನೇ ಆರಿಸಿಕೊಳ್ಳತಕ್ಕದ್ದು. ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಕೈಚೀಲ, ಎಲ್ಲಕ್ಕಿಂತ ಮಿಗಿಲಾಗಿ ಹಸುಗೂಸಿನ ಟೋಪಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಚರ್ಮದಡಿಯ ಕೊಬ್ಬು ಕಡಿಮೆ, ಮೈಗೆ ಹೋಲಿಸಿದರೆ ತಲೆ ದೊಡ್ಡದು. ಆದುದರಿಂದ ಬೇಸಿಗೆಯಲ್ಲಿಯೂ ಅದರ ಮೈಶಾಖ ಬೇಗನೆ ಕಳೆದುಹೋಗುತ್ತದೆ. ತಾಯಿಯ ಎದೆಗೆ ಅಪ್ಪಿಸಿ ಮಲಗಿಸುವಾಗ ತಲೆಗೊಂದು ಟೋಪಿ ಇರಬೇಕೆಂದು ವೈದ್ಯರು ಹೇಳುತ್ತಾರೆ. ಇಂಥ ಟೋಪಿಗೆ ಬೇಕಾಗುವುದು ಮೂರು ಸಾವಿರ ಕುಣಿಕೆಗಳಿಗೂ ಕಡಿಮೆ. ನಿಮಿಷಕ್ಕೆ ಇಪ್ಪತ್ತರಂತೆ, ದಿನಕ್ಕೆ ಅರ್ಧ ಗಂಟೆ ಹೆಣೆದರೆ ಐದು ದಿನಗಳ ಕೆಲಸ. ಗುಂಡಿಯಾಗಲಿ ಸಡಿಲವಾದ ಎಳೆಯಾಗಲಿ ಇರಕೂಡದು. ಆಸ್ಪತ್ರೆಯ ದಾದಿಯರನ್ನು ಅಳತೆ ಕೇಳಿಯೇ ಆರಂಭಿಸಬೇಕು. ಮುಗಿದ ಕೆಲಸವು ಮುಂದಿನ ಕೆಲಸಕ್ಕೆ ಹುರುಪು ಕೊಡುವಷ್ಟು ಬೇರೆ ಯಾವುದೂ ಕೊಡಲಾರದು.

ಹಾಗಾದರೆ ಉಣ್ಣೆಯನ್ನು ಬೇಸಿಗೆಯಲ್ಲಿ ಮುಟ್ಟಲೇಬಾರದೇ? ಮುಟ್ಟಬೇಕು, ಲೆಕ್ಕವೇ ಅದನ್ನು ಹೇಳುತ್ತದೆ. ಏಳೆಂಟು ವರ್ಷದ ಮಗುವಿನ ಸ್ವೆಟರಿನಲ್ಲಿ ಸುಮಾರು 30,000 ಕುಣಿಕೆಗಳು. ಮೇಲೆ ಹೇಳಿದ ವೇಗದಲ್ಲಿ ಇದು 25 ಗಂಟೆಗಳ, ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ 50 ದಿನಗಳ ಕೆಲಸ. ಏಪ್ರಿಲ್ ಮೇ ತಿಂಗಳುಗಳು ಸೇರಿ 61 ದಿನ. ಬೇಸಿಗೆಯಲ್ಲಿ ಹೆಣೆದವಳ ತಮ್ಮನು ಮಲೆನಾಡಿನ ಮೊದಲ ಮಳೆಗೆ ಬೆಚ್ಚಗಿರುವನು. ಮಳೆ ಬಂದ ಮೇಲೆ ಕಡ್ಡಿ ಹಿಡಿದವಳ ತಮ್ಮನು ಶ್ರಾವಣದ ವರೆಗೆ ನಡುಗಬೇಕು. 1962ರ ಅಕ್ಟೋಬರ್ ತಿಂಗಳಲ್ಲಿ ಚೀನಾದೊಡನೆ ಯುದ್ಧ ಮೊದಲಾದಾಗ, ಹಿಮಾಲಯದ ಚಳಿಯಲ್ಲಿ ನಿಂತ ನಮ್ಮ ಯೋಧರಿಗೆ ತಕ್ಕ ಉಡುಪಿಲ್ಲವೆಂದು ತಿಳಿದು ದೇಶದ ಸ್ತ್ರೀಯರು ಹಗಲಿರುಳು ಸ್ವೆಟರುಗಳನ್ನು ಹೆಣೆದರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ, ಕಾಲಕ್ಕೆ ಕೊರತೆಯಿತ್ತು. ಯುದ್ಧವು ಒಂದೇ ತಿಂಗಳಿನಲ್ಲಿ ನಿಂತುಹೋಯಿತು. ಚಳಿ ಬಂದಾಗ ಹೆಣೆಯಲಾರಂಭಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಉಣ್ಣೆಯ ಕೆಲಸಕ್ಕೆ ಬೇಸಿಗೆಯಲ್ಲಿ ಕೆಲವು ಉಪಾಯಗಳುಂಟು. ಬೆನ್ನು ಎದೆಗಳ ದೊಡ್ಡ ತುಂಡುಗಳನ್ನು ಬಿಟ್ಟು, ಮಡಿಲನ್ನು ಮುಚ್ಚದ ತೋಳುಗಳನ್ನು ಮೊದಲು ಹೆಣೆಯಿರಿ. ಬಿಸಿಲೇರುವ ಮೊದಲು, ಕೈ ತೊಳೆದು ಒರಸಿಕೊಂಡು ಕುಳಿತುಕೊಳ್ಳಿರಿ. ಹಳೆಯ ಸ್ವೆಟರನ್ನು ಬಿಚ್ಚಿ ನೂಲು ತೆಗೆಯುವುದಕ್ಕಂತೂ ಬೇಸಿಗೆಗಿಂತ ಒಳ್ಳೆಯ ಕಾಲವಿಲ್ಲ: ಬಿಚ್ಚಿದ ನೂಲನ್ನು ಲಡಿ ಮಾಡಿ, ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ತೂಗುಹಾಕಿದರೆ ಸುಕ್ಕುಗಳು ನೇರವಾಗಿ ಹೊಸ ನೂಲಿನಂತಾಗುತ್ತದೆ. ಪೆಟ್ಟಿಗೆಯ ತಳದಲ್ಲಿ ಮರೆತ ಉಣ್ಣೆಯನ್ನು ಪತಂಗದ ಹುಳುಗಳು ತಿನ್ನುತ್ತವೆ. ದಿನವೂ ಕೈಗೆ ಬರುವ ಉಣ್ಣೆಯ ಮೇಲೆ ಅವುಗಳ ಆಟ ನಡೆಯದು.

ಅಂಗಡಿಯಲ್ಲಿ ಸಿದ್ಧವಾದ ಸ್ವೆಟರು ಅಗ್ಗವಾಗಿ ದೊರೆಯುವಾಗ ಈ ಶ್ರಮವೇಕೆಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವುಂಟು. ಎಷ್ಟೋ ವೇಳೆ ಬರಿಯ ಉಣ್ಣೆಯ ಬೆಲೆಯೇ ಸಿದ್ಧ ಉಡುಪಿನ ಬೆಲೆಯನ್ನು ಮೀರುತ್ತದೆ. ಹಣ ಉಳಿಸುವುದಕ್ಕಾಗಿ ಹೆಣೆಯಿರೆಂದು ನಾವು ಹೇಳುವುದಿಲ್ಲ. ಆದರೆ ಕೊಂಡದ್ದು ಹರಿದರೆ ಎಸೆಯಬೇಕು. ಹೆಣೆಯಬಲ್ಲವಳು ಅದನ್ನು ಸರಿಪಡಿಸಬಲ್ಲಳು, ಬಿಚ್ಚಬಲ್ಲಳು, ಬೆಳೆದ ಮಗುವಿಗೆ ಮತ್ತೆ ಹೆಣೆದು ಕೊಡಬಲ್ಲಳು. ಇನ್ನು ಕೆಲವರು ಇದನ್ನು ಹೆಂಗಸರ ಕಾಲಹರಣವೆನ್ನುತ್ತಾರೆ. ಈ ಮಾತು ನಿರಪಾಯವಾದುದಲ್ಲ. ನರಸಾಪುರದ ಲೇಸು ಕೆಲಸದವರನ್ನು ಕುರಿತು ಮರಿಯಾ ಮೀಸ್ ಎಂಬ ವಿದುಷಿಯು 1982ರಲ್ಲಿ ಪ್ರಕಟಿಸಿದ ಗ್ರಂಥವು, ಬಿಡುವಿನ ವೇಳೆಯ ಕೆಲಸವೆಂದು ಕರೆದುದರಿಂದಲೇ ಅವರ ದುಡಿಮೆಗೆ ತೀರ ಅಲ್ಪ ಕೂಲಿ ಸಿಕ್ಕಿತೆಂಬುದನ್ನು ತೋರಿಸಿತು. ಕೈಕೆಲಸವನ್ನು ಹಗುರವಾಗಿ ಕಾಣುವವರು ಆ ಕೈಗಳನ್ನೂ ಹಗುರವಾಗಿ ಕಾಣುತ್ತಾರೆ.

ಶಿಕ್ಷಕಿಯರಲ್ಲಿಯೂ ನಮ್ಮದೊಂದು ಬಿನ್ನಹ. ಪ್ರದರ್ಶನಗಳಲ್ಲಿ ದೊಡ್ಡ ಸ್ವೆಟರಿಗೇ ಬಹುಮಾನವಿಡುವುದನ್ನು ಬಿಟ್ಟು, ರಜೆಯಲ್ಲಿ ಪೂರ್ತಿಯಾಗಿ ಮುಗಿಸಿದ ಚಿಕ್ಕ ಕೆಲಸಕ್ಕೂ ಮನ್ನಣೆ ಕೊಡಿರಿ. ಮನೆಗಳಲ್ಲಿ ಸಂಜೆಯ ಹೊತ್ತು ಜಗಲಿಯ ಮೇಲೆ ನಾಲ್ವರು ಕೂಡಿ ಹೆಣೆಯಲಿ. ಅಜ್ಜಿಯು ಮೊಮ್ಮಗಳಿಗೆ ಕುಣಿಕೆ ಎತ್ತುವುದನ್ನು ತೋರಿಸಲಿ. ಒಬ್ಬಳಿಗೆ ಬೇಸರವಾದಾಗ ಇನ್ನೊಬ್ಬಳ ಕೈ ಅವಳನ್ನು ನಡಸುವುದು.

ಇಷ್ಟಾದರೂ ಬಿಸಿಲು ತಡೆಯದೆ ಕೆಲಸ ಕೆಳಗಿಡಬೇಕಾದವಳು ನಾಚಬೇಕಾಗಿಲ್ಲ. ಎಷ್ಟನೆಯ ಸಾಲಿನಲ್ಲಿ ನಿಂತಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು, ಕುಣಿಕೆಗಳನ್ನು ದಾರಕ್ಕೆ ಪೋಣಿಸಿ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿಡಲಿ. ಹೀಗೆ ಇಟ್ಟ ಕೆಲಸವು ಬಿಟ್ಟ ಕೆಲಸವಲ್ಲ. ಆದರೆ ಒಂದು ಟೋಪಿಯಷ್ಟು ನೂಲು ಮಾತ್ರ ಕೈಯ ಬಳಿ ಇರಲಿ. ಅದಕ್ಕಾಗಿ ಕಾದಿರುವ ಎಳೆಯ ತಲೆಗೆ ಬೇಸಿಗೆಯ ರಜೆಯೆಂಬುದು ತಿಳಿಯದು.