ಯೆರಿಕೋದ ದಿಬ್ಬ, ಮಸ್ಕಿಯ ಬಂಡೆ



2018ರಲ್ಲಿ ಕ್ರೈಸ್ತ ಮಿತ್ರರೊಬ್ಬರ ಒತ್ತಾಯಕ್ಕೆ ಮಣಿದು ಪ್ರವಾಸಿ ತಂಡವೊಂದರ ಜೊತೆ ಜೆರುಸಲೇಮ್, ಬೆತ್ಲೆಹೇಮ್, ಯೆರಿಕೋಗಳನ್ನು ನೋಡಿಬಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಫೋಟೋ ತೋರಿಸುವಾಗ ಹೇಳದೆ ಉಳಿಸಿಕೊಂಡ ಮಾತೊಂದನ್ನು ಇಂದು ಬರೆಯುತ್ತಿದ್ದೇನೆ.

ಯೆರಿಕೋ ಇರುವುದು ಪ್ಯಾಲೆಸ್ಟೀನಿನ ಪಶ್ಚಿಮ ದಂಡೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ಯೆಹೋಶುವನ ಜನರು ಏಳು ದಿನ ಸುತ್ತುಹಾಕಿ, ಕೊಂಬುಗಳನ್ನೂದಿ ಆರ್ಭಟಿಸಿದಾಗ ಗೋಡೆ ಕುಸಿಯಿತೆಂದು ಬೈಬಲ್ ಹೇಳುವ ನಗರವದು. ಆ ಪುರಾತನ ದಿಬ್ಬದ ಮೇಲೆ ನಮಗೆ ದೊರೆತದ್ದು ಅರ್ಧ ಗಂಟೆ. ಬಳಿಕ ಖರ್ಜೂರದ ಅಂಗಡಿಯಲ್ಲಿ ಒಂದು ಗಂಟೆ!

“ಬಿದ್ದ ಗೋಡೆ ಇದೇ ಏನ್ರೀ?” ಎಂದು ತಂಡದ ಹಿರಿಯರೊಬ್ಬರು ಕೇಳಿದರು. ಮಾರ್ಗದರ್ಶಿ ಅಲ್ಲವೆಂದು ತಲೆಯಾಡಿಸಿದ. 1952ರಿಂದ 1958ರವರೆಗೆ ಅಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್, ಆ ಕೋಟೆಗೋಡೆಗಳು ಯೆಹೋಶುವನ ಕಾಲಕ್ಕಿಂತ ಹಿಂದೆಯೇ ನಾಶವಾಗಿದ್ದವೆಂದು ನಿರ್ಣಯಿಸಿದ್ದರು. ಆದರೆ ಅದಕ್ಕಿಂತ ಎಷ್ಟೋ ಹಳೆಯದಾದ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದಿನ ಕಲ್ಲಿನ ಗೋಪುರವೊಂದು ಅವರಿಗೆ ದೊರೆಯಿತು. ಎತ್ತರ ಎಂಟೂವರೆ ಮೀಟರ್; ಒಳಗೆ 22 ಮೆಟ್ಟಿಲು. ಹುಡುಕಿದ ಗೋಡೆ ಸಿಗದಿದ್ದರೂ ಯಾರೂ ನೆನೆಯದ ಗೋಪುರ ಸಿಕ್ಕಿತ್ತು. ನಮ್ಮವರಲ್ಲಿ ಹೆಚ್ಚಿನವರು ಅದನ್ನು ನೋಡದೆಯೇ ಬಸ್ಸು ಹತ್ತಿದರು.

ಅವರನ್ನು ದೂರುವ ಅಧಿಕಾರ ನನಗಿಲ್ಲ. ಅಲ್ಲಿ ನಿಂತಾಗ ನನಗೆ ನೆನಪಾದದ್ದು ಸಾಲಗುಂದದ ನೆರೆಯ ಮಸ್ಕಿ. 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತ ಬಂದ ಎಂಜಿನಿಯರ್ ಬೀಡನ್ ಅವರಿಗೆ ಅಲ್ಲಿ ಕಂಡದ್ದು ಬಂಡೆಯ ಮೇಲಿನ ಬರಹ. ಅದುವರೆಗೆ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂದಷ್ಟೇ ಓದಲಾಗುತ್ತಿದ್ದ ದೊರೆಯ ಹೆಸರು ‘ಅಶೋಕ’ ಎಂದು ಜಗತ್ತಿಗೆ ಖಚಿತವಾದದ್ದು ನಮ್ಮ ಬಂಡೆಯಿಂದ. ಕೆನ್ಯನ್ ಯೆರಿಕೋ ಅಗೆಯುತ್ತಿದ್ದ ದಿನಗಳಲ್ಲೇ, 1954ರಲ್ಲಿ, ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದು, ಅಶೋಕನಿಗಿಂತ ಬಹು ಹಿಂದಿನ, ಕಲ್ಲು-ತಾಮ್ರದ ಉಪಕರಣ ಬಳಸಿದ ಜನರ ನೆಲೆಯನ್ನು ಬೆಳಕಿಗೆ ತಂದರು. ಇಬ್ಬರೂ ಮಾರ್ಟಿಮರ್ ವೀಲರ್ ಎಂಬ ಒಬ್ಬನೇ ಗುರುವಿನ ಬಳಿ ಪಳಗಿದವರು!

ಇದನ್ನೆಲ್ಲ ತರಗತಿಯಲ್ಲಿ ನಾನು ಬರೆಯಿಸಿದ್ದು ಒಂದು ಅಂಕದ ಪ್ರಶ್ನೆಯಾಗಿ. ನೀವು ಉತ್ತರ ಬರೆದಿರಿ, ಅಂಕ ಪಡೆದಿರಿ. ಅಷ್ಟು ವರ್ಷಗಳ ಸೇವೆಯಲ್ಲಿ ಒಂದು ದಿನವೂ ನಿಮ್ಮನ್ನು ಆ ಗುಡ್ಡಕ್ಕೆ ಕರೆದೊಯ್ಯಲಿಲ್ಲ. ‘ಹತ್ತಿರವೇ ಇದೆಯಲ್ಲ, ಮುಂದೊಮ್ಮೆ ಹೋದರಾಯಿತು’ ಎಂಬ ಉದಾಸೀನವೇ ಅದಕ್ಕೆ ಕಾರಣ.

ದೂರದ ಪ್ರವಾಸ ಬೇಡವೆನ್ನುವವನು ನಾನಲ್ಲ. ಯೆರಿಕೋಗೆ ಹೋಗದಿದ್ದರೆ ಮಸ್ಕಿಯ ಬೆಲೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಹತ್ತು ಊರುಗಳನ್ನು ಎಣಿಸಿ ಬರುವುದಕ್ಕಿಂತ, ಮೊದಲೇ ಓದಿಕೊಂಡು ಹೋಗಿ ಒಂದೇ ಊರಿನಲ್ಲಿ ಒಂದು ದಿನ ನಿಲ್ಲುವುದು ಮೇಲು. ನಂಬಿಕೆ ಏನು ಹೇಳುತ್ತದೆ, ನೆಲ ಏನು ಹೇಳುತ್ತದೆ, ಎರಡನ್ನೂ ಗೌರವದಿಂದ ಕೇಳಿಸಿಕೊಳ್ಳಲು ಅಷ್ಟಾದರೂ ಸಮಯ ಬೇಕು.

ಬರುವ ರಜೆಯಲ್ಲಿ ಊರಿಗೆ ಬಂದವರು ಮಕ್ಕಳೊಂದಿಗೆ ಮನೆಗೆ ಬನ್ನಿ. ಮಂಡಿನೋವಿದ್ದರೂ ಮಸ್ಕಿಗೆ ನಾನೂ ಜೊತೆಗೆ ಬರುತ್ತೇನೆ. ಬಾಕಿ ಉಳಿದ ಆ ಪಾಠವನ್ನು ಬಂಡೆಯ ಮುಂದೆಯೇ ಮುಗಿಸೋಣ.